ಕೀಪ್ಯಾಡ್ ಫೋನಿಗೆ ಮೆಸೇಜ್ ತಡ: ಸರಿಹೋದದ್ದು ಹೀಗೆ

ಪಾಂಡವಪುರದಲ್ಲಿರುವ ಅಪ್ಪ ಸ್ಮಾರ್ಟ್‌ಫೋನಿನ ಸಿಮ್ ತೆಗೆದು ಕೀಪ್ಯಾಡ್ ಫೋನಿಗೆ ಹಾಕಿಕೊಂಡರು. ಆಮೇಲೆ ಮೈಸೂರಿನಿಂದ ನಾನು ಕಳಿಸಿದ ಮೆಸೇಜ್ ಗಂಟೆಗಟ್ಟಲೆ ತಡ, ಕೆಲವು ಬರಲೇ ಇಲ್ಲ. ನಮ್ಮಿಬ್ಬರದೂ ಬೇರೆ ಬೇರೆ ನೆಟ್‌ವರ್ಕ್. ಆದರೆ ಎಸ್ಸೆಮ್ಮೆಸ್ ಆಗಿ ಬರುವ ಬ್ಯಾಂಕಿನ ಓಟಿಪಿ ಮಾತ್ರ ತಕ್ಷಣ ಬರುತ್ತಿತ್ತು, ಸುಳಿವು ಅಲ್ಲೇ ಇತ್ತು.

ರೀಸ್ಟಾರ್ಟ್, ಇನ್‌ಬಾಕ್ಸ್ ಖಾಲಿ ಮಾಡಿದ್ದು, ಕಸ್ಟಮರ್ ಕೇರ್‌ಗೆ ದೂರು, ಎಲ್ಲಾ ಸುಮ್ನೆ.

ಅಪ್ಪನ ನಂಬರ್ ಇನ್ನೂ ಆರ್‌ಸಿಎಸ್‌ನಲ್ಲೇ, ಅಂದ್ರೆ ಸ್ಮಾರ್ಟ್‌ಫೋನಿನ ಇಂಟರ್ನೆಟ್ ಮೆಸೇಜ್ ವ್ಯವಸ್ಥೆಯಲ್ಲೇ ಇತ್ತು. ನನ್ನ ಮೆಸೇಜ್ ಎಸ್ಸೆಮ್ಮೆಸ್ ಆಗದೆ ಇಂಟರ್ನೆಟ್ ಮೂಲಕ ಹೋಗಿ ಕಾಯುತ್ತಿತ್ತು. ಸಿಮ್ಮನ್ನು ಮತ್ತೆ ಹಳೇ ಸ್ಮಾರ್ಟ್‌ಫೋನಿಗೆ ಹಾಕಿ, ನೆಟ್ ಆನ್ ಮಾಡಿ. ಗೂಗಲ್ ಮೆಸೇಜಸ್ ತೆರೆದು, ಮೇಲಿನ ಪ್ರೊಫೈಲ್ ಚಿತ್ರ ಒತ್ತಿ, ಮೆಸೇಜಸ್ ಸೆಟ್ಟಿಂಗ್ಸ್, ಆಮೇಲೆ ಆರ್‌ಸಿಎಸ್ ಚಾಟ್ಸ್. ಅಲ್ಲಿ ಆಫ್ ಮಾಡಿ. ಆಫ್ ಆದಮೇಲೆಯೇ ಸಿಮ್ ತೆಗೆಯಿರಿ, ಈ ಕ್ರಮ ಮುಖ್ಯ. ಕಳಿಸುವವರ ಫೋನಿನಲ್ಲೂ ಅದೇ ಪುಟದಲ್ಲಿ, ತಾನಾಗಿಯೇ ಎಸ್ಸೆಮ್ಮೆಸ್ ಆಗಿ ಮರುಕಳಿಸುವ ಆಯ್ಕೆ ಆನ್ ಇರಲಿ. ಹಳೇ ಫೋನೇ ಇಲ್ವಾ? ಗೂಗಲ್‌ನ ಆರ್‌ಸಿಎಸ್ ಆಫ್ ಮಾಡುವ ವೆಬ್ ಪುಟದಲ್ಲಿ ನಂಬರ್ ಕೊಟ್ಟು, ಬಂದ ಕೋಡ್ ಹಾಕಿದರೆ ಆಯ್ತು.