ಮನೆಯಲ್ಲೇ ಅಲ್ವಾ, ಖರ್ಚೇನು ಬರುತ್ತದೆ?

ಮೊನ್ನೆ ಲೆಕ್ಕದ ಪುಸ್ತಕ ತೆಗೆದು ಕೂಡಿಸಿದೆ. ನಾನು ಮನೆಯಲ್ಲೇ ಬಡಿದು ಮಾರುವ ಕಡಕ್ ರೊಟ್ಟಿ, ಅಂದರೆ ಗರಿಗರಿ ಒಣಗಿದ ಜೋಳದ ರೊಟ್ಟಿ, ಹೋದ ತಿಂಗಳು 5,000ದ ಮೇಲೆ ಹೋಗಿವೆ. ಶೇಂಗಾ, ಗುರೆಳ್ಳು ಎರಡೂ ಹಿಂಡಿ (ಚಟ್ನಿಪುಡಿ) ಸೇರಿ 45 ಕಿಲೋ ಹತ್ತಿರ. ಒಂದು ರೂಪಾಯಿ ಉದ್ರಿ ಇಲ್ಲ. ಅದೂ ವಾರಕ್ಕೆ ಎರಡೇ ದಿನ ಒಲೆ ಹಚ್ಚಿ. ಮೂರು ವರ್ಷದ ಹಿಂದೆ ನಾನು ಹೀಗೆ ಮಾಡುತ್ತೇನೆ ಅಂದಾಗ ಧಾರವಾಡದ ನಮ್ಮ ಓಣಿಯಲ್ಲಿ ನಗದವರಿಲ್ಲ. "ಮನ್ಯಾಗ ರೊಟ್ಟಿ ಬಡಿಯಾಕಿಗೆ ಇಷ್ಟು ಧಿಮಾಕು ಯಾಕ?" ಅಂತ ನಮ್ಮ ವೈನಿ (ಅತ್ತಿಗೆ) ಮುಖದ ಮೇಲೇ ಕೇಳಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಪದ್ಧತಿ ದೊಡ್ಡದೇನಲ್ಲ. ಮಂಗಳವಾರ, ಶುಕ್ರವಾರ ಮಾತ್ರ ರೊಟ್ಟಿ. ಹಿಂದಿನ ದಿನ ಸಂಜೆ 6ರೊಳಗೆ ಆರ್ಡರ್, ಹಣ ಪೂರ್ತಿ ಮುಂಗಡ. ನಾಲ್ಕೇ ಐಟಂ. ಒಂದು ಆರ್ಡರಿಗೆ 25 ರೊಟ್ಟಿಗಿಂತ ಕಡಿಮೆ ಇಲ್ಲ. ಬಾಗಿಲಿಗೆ ಬಂದು "ಒಂದ್ ಹತ್ತು ರೊಟ್ಟಿ ಇದ್ರ ಕೊಡ್ರಿ" ಅಂದವರಿಗೆ ಇಲ್ಲ, ಯಾರೇ ಆಗಲಿ.

ಇಲ್ಲಿಗೆ ಬರುವ ಮೊದಲು ನಾಲ್ಕೈದು ವರ್ಷ ಸುಮ್ನೆ ಕೈ ಸುಟ್ಟುಕೊಂಡಿದ್ದೇನೆ. ಶುರುವಾಗಿದ್ದು 2018ರ ಸಂಕ್ರಾಂತಿಗೆ. ಪಕ್ಕದ ಮನೆಯವರ ಮಗ ಬೆಂಗಳೂರಿನಲ್ಲಿ, ಅವನಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ 100 ಬೇಕು ಅಂದರು. ಮಾಡಿಕೊಟ್ಟೆ. ಚೆನ್ನಾಗಿದೆ ಅಂತ ಮತ್ತೆ ಕೇಳಿದರು. ನಾನು ಖುಷಿಯಲ್ಲಿ 10 ಕಿಲೋ ಸಜ್ಜೆ ಒಂದೇ ಸಲ ಬೀಸಿಸಿ ಇಟ್ಟೆ. ಸಜ್ಜೆ ಹಿಟ್ಟು ಎಷ್ಟು ಬೇಗ ಕಹಿಯಾಗುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ನನಗೆ ಮಾತ್ರ ಆಗ ಯಾರೂ ಹೇಳಿರಲಿಲ್ಲ. ಅರ್ಧ ಹಿಟ್ಟು ಎಮ್ಮೆಗೆ ಹೋಯಿತು. ಈಗ ಸಜ್ಜೆ ಸಂಕ್ರಾಂತಿ ವಾರ ಮಾತ್ರ, ಬೀಸಿಸಿದ ಎರಡು ದಿನದಲ್ಲಿ ಮುಗಿಯಬೇಕು.

ಆಗ ಜೋಳದ ರೊಟ್ಟಿ 5 ರೂಪಾಯಿಗೆ ಕೊಡುತ್ತಿದ್ದೆ. ಯಾಕೆ 5? ಎಲ್ಲರೂ ಅದನ್ನೇ ಹೇಳಿದರು. "ಜಾಗಾ ನಿಂದು, ಕೈ ನಿಂದು, ಗ್ಯಾಸ್ ಹೆಂಗೂ ಮನ್ಯಾಗ ಇರ್ತದ. ಐದು ರೂಪಾಯಿ ಭಾಳ ಆತು." ನಾನೂ ನಂಬಿದೆ. ಮನೆಯಲ್ಲಿ ವ್ಯಾಪಾರ ಮಾಡುವ ನಮ್ಮಂಥವರನ್ನು ಮುಳುಗಿಸುವುದು ಈ ಒಂದೇ ಮಾತು. ಬೇರೆಯವರು ಹೇಳಿದರೆ ಇರಲಿ, ನಾವೇ ನಮಗೆ ಹೇಳಿಕೊಳ್ಳುತ್ತೇವೆ ನೋಡಿ, ಅದು ಕಷ್ಟ.

ಒಂದು ರಾತ್ರಿ ಕೂತು ಬರೆದೆ. ಬಿಳಿಜೋಳ ಆಗ ಕಿಲೋಗೆ 45 ಹತ್ತಿರ, ಕಿಲೋ ಹಿಟ್ಟಿಗೆ ನನ್ನ ಕೈಯಲ್ಲಿ 22 ರೊಟ್ಟಿ. ಅಂದರೆ ಒಂದಕ್ಕೆ 2 ರೂಪಾಯಿ ಜೋಳಕ್ಕೇ ಹೋಯಿತು. ಗಿರಣಿಗೆ ಕಾಲು ರೂಪಾಯಿ. ಗ್ಯಾಸ್ 90 ಪೈಸೆ, ಒಂದು ರೂಪಾಯಿ. ಕವರು, ಡಬ್ಬಿ ಮುಕ್ಕಾಲು ರೂಪಾಯಿ. ಮುರಿದ ರೊಟ್ಟಿ ಲೆಕ್ಕಕ್ಕೆ ಅರ್ಧ ರೂಪಾಯಿ. ಬಡಿದ ಕೈಗೆ ಎರಡೂವರೆ. ಈ ಎರಡೂವರೆಯನ್ನು ನಾನು ಯಾವತ್ತೂ ಬರೆದಿರಲೇ ಇಲ್ಲ, ಯಾಕೆಂದರೆ ಕೈ ನನ್ನದು. ಎಲ್ಲ ಸೇರಿ 7 ರೂಪಾಯಿ ಹತ್ತಿರ ಬಂತು. 5ಕ್ಕೆ ಮಾರುತ್ತಿದ್ದೆ. ದಿನಾ ಬೆನ್ನು ಮುರಿದುಕೊಂಡು ಊರಿಗೆ ಎರಡು ರೂಪಾಯಿ ದಾನ ಮಾಡುತ್ತಿದ್ದೆ ಅನ್ನಿ.

ಮರುದಿನವೇ 8 ಮಾಡಿದೆ, ಆಮೇಲೆ 10. ಹೋದವರು ಹೋದರು.

ಇನ್ನೊಂದು ಕೆಲಸ ಮಾಡಿದೆ, ಅದಕ್ಕೆ ಮನೆಯವರೆಲ್ಲ ನಕ್ಕರು. ಹಿತ್ತಲ ಕಡೆಯ ಕೋಣೆಗೆ ತಿಂಗಳಿಗೆ 3,000 ಬಾಡಿಗೆ ಅಂತ ರೊಟ್ಟಿ ಹಣದಿಂದ ಮನೆ ಖಾತೆಗೆ ಹಾಕಲು ಶುರು ಮಾಡಿದೆ. "ನಿನ್ನ ಮನಿಗೆ ನೀನ ಬಾಡಿಗಿ ಕಟ್ತಿ ಏನವಾ?" ಅಂತ ಅತ್ತೆ ಬಿದ್ದು ಬಿದ್ದು ನಕ್ಕರು. ಮುಂದಿನ ಮಳೆಗಾಲಕ್ಕೆ ಆ ಕೋಣೆಯ ತಗಡು ಬದಲಿಸಿದ್ದು ಅದೇ ಹಣದಲ್ಲಿ. ಆಮೇಲೆ ನಗಲಿಲ್ಲ. ಬಾಡಿಗೆ ಕಟ್ಟಿದ ಮೇಲೆ ಆ ಕೋಣೆಯಲ್ಲಿ ಹಳೆ ಹಾಸಿಗೆ, ಸೈಕಲ್ಲು ತಂದಿಡುವುದೂ ನಿಂತಿತು. ಬಾಗಿಲಿಗೆ ಚಿಲಕ ಬಂತು.

ಮಳೆಗಾಲ ಅಂದೆನಲ್ಲ. ಧಾರವಾಡದ ಮಳೆ ನಿಮಗೆ ಗೊತ್ತು, ಜುಲೈನಲ್ಲಿ ಕಡಕ್ ರೊಟ್ಟಿ ಹಿಡಿದರೆ ಬಾಗುತ್ತದೆ. 2023ರಲ್ಲಿ ಯಾರದೋ ಮಾತು ಕೇಳಿ ಕರೆಂಟಿನ ಡ್ರೈಯರ್ ತಂದೆ, 28,000 ಇರಬೇಕು. ರೊಟ್ಟಿ ಒಣಗಿತು, ನಿಜ. ಆದರೆ ಹಂಚಿನ ವಾಸನೆ ಹೋಗಿ ರಟ್ಟಿನ ಹಾಗಾಯಿತು. ಅದಕ್ಕಿಂತ ದೊಡ್ಡ ಹೊಡೆತ ಬಿಲ್ಲಿನದು. ಗೃಹಜ್ಯೋತಿ ಬಂದು ನಮಗೆ ಸೊನ್ನೆ ಬಿಲ್ ಬರಲು ಶುರುವಾಗಿತ್ತು. ಡ್ರೈಯರ್ ಓಡಿಸಿ 200 ಯೂನಿಟ್ ದಾಟಿತು. ದಾಟಿದರೆ ಮೇಲಿನ ಯೂನಿಟ್ಟಿಗೆ ಮಾತ್ರ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಜೊತೆಗೆ ಮನೆ ಮೀಟರಿನಲ್ಲಿ ವ್ಯಾಪಾರದ ಮೆಷಿನ್ ಓಡಿಸುವುದು ನಿಯಮಕ್ಕೆ ವಿರುದ್ಧ ಅಂತ ಬಿಲ್ ಬರೆಯಲು ಬಂದವನು ಹೇಳಿ ಹೋದ. ಡ್ರೈಯರ್ ಅರ್ಧ ಬೆಲೆಗೆ ಹೋಯಿತು. ಈಗ ಮಳೆಗಾಲದಲ್ಲೂ ನನ್ನ ರೊಟ್ಟಿ ಟಪ್ ಅಂತ ಮುರಿಯುತ್ತದೆ. ಹೇಗೆ ಅಂತ ಕೇಳಬೇಡಿ, ಹಂಚು ಆರಿದ ಮೇಲೆ ಮಾಡುವ ಕೆಲಸ ಅದು, ಇಷ್ಟು ಸಾಕು.

ಗ್ಯಾಸಿನ ವಿಷಯ. ಮನೆಯ 14.2 ಕಿಲೋ ಸಿಲಿಂಡರಿನಲ್ಲಿ ವ್ಯಾಪಾರದ ಅಡುಗೆ ಮಾಡುವ ಹಾಗಿಲ್ಲ. ಮೊದಲ ಮೂರು ವರ್ಷ ನಾನೂ ಕಣ್ಣು ಮುಚ್ಚಿಕೊಂಡು ಮಾಡಿದೆ, ಸುಳ್ಳೇಕೆ ಹೇಳಲಿ. ಆಮೇಲೆ 19 ಕಿಲೋದ ನೀಲಿ ಸಿಲಿಂಡರ್ ತಗೊಂಡೆ. ಆಗ 1,800 ಆಸುಪಾಸು ಇತ್ತು. ಒಂದರಲ್ಲಿ ಸುಮಾರು 2,000 ರೊಟ್ಟಿ ಎಳೆಯುತ್ತೇನೆ.

ಪರವಾನಗಿ ಮನೆಯಲ್ಲಿ ಮಾಡುವವರಿಗೆ ಬೇಡ ಅನ್ನುವವರು ಈಗಲೂ ಸಿಗುತ್ತಾರೆ. ಬೇಕು ರೀ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡುವ ಕೇಂದ್ರ ಪ್ರಾಧಿಕಾರ) ನೋಂದಣಿ ನಾನು ಮಾಡಿಸಿದ್ದು 2021ರಲ್ಲಿ. ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ ಆಗ ಶುಲ್ಕ ವರ್ಷಕ್ಕೆ 100 ರೂಪಾಯಿ. ನೂರೇ! ಅದನ್ನು ಮಾಡಿಸಿಕೊಡಲು ಒಬ್ಬ ಏಜೆಂಟ್ ನನ್ನಿಂದ 2,500 ತಗೊಂಡ. ಆನ್‌ಲೈನಿನಲ್ಲಿ ನಾವೇ ಹಾಕಬಹುದಿತ್ತು, ನನ್ನ ಮಗಳು ಮುಂದಿನ ಸಲ ಹಾಕಿಯೇ ತೋರಿಸಿದಳು. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಹಚ್ಚಿಸುವ ಉದ್ಯಮ್ ನೋಂದಣಿಯಂತೂ ಪುಕ್ಕಟೆ, ಅದಕ್ಕೂ ದುಡ್ಡು ಕೇಳುವವರಿದ್ದಾರೆ, ಹುಷಾರು.

2025ರ ಜುಲೈನಲ್ಲಿ ಯುಪಿಐ ನೋಡಿ ಸಣ್ಣ ಅಂಗಡಿಯವರಿಗೆ ಜಿಎಸ್‌ಟಿ ನೋಟಿಸ್ ಬಂದ ಗಲಾಟೆ ನೆನಪಿದೆಯಲ್ಲ, ಎಷ್ಟೋ ಕಡೆ "ನಗದು ಮಾತ್ರ" ಅಂತ ಬೋರ್ಡ್ ಬಿದ್ದವು. ನನ್ನ ಗೆಳತಿಯರು ಫೋನ್ ಮೇಲೆ ಫೋನ್. ನಾನು ಹೆದರಲಿಲ್ಲ ಅಂದರೆ ಸುಳ್ಳು. ಆದರೆ ನನ್ನ ವಹಿವಾಟು ವರ್ಷಕ್ಕೆ 9 ಲಕ್ಷ ಹತ್ತಿರ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ 40 ಲಕ್ಷ. ಜೊತೆಗೆ ರೊಟ್ಟಿಗೇ ಬೇರೆ ಖಾತೆ ಮಾಡಿದ್ದೆ. ಮೊದಲಿನ ಹಾಗೆ ಮೈದುನನ ಕೈಗಡ, ಚೀಟಿ ಹಣ, ಮಗಳ ಫೀಸು ಎಲ್ಲ ಒಂದೇ ಖಾತೆಯಲ್ಲಿ ಓಡಾಡುತ್ತಿದ್ದರೆ ಯಾವುದು ರೊಟ್ಟಿ ಹಣ ಅಂತ ತೋರಿಸಲು ನನ್ನ ಕೈಲಿ ಆಗುತ್ತಿರಲಿಲ್ಲ.

ಇನ್ನು ಎರಡು ದಿನದ ಪದ್ಧತಿ ಹೇಗೆ ಹುಟ್ಟಿತು ಅಂತ. "ಮನ್ಯಾಗ ಇರ್ತಿ, ಮಕ್ಕಳನ್ನ ನೋಡಿಕೋತ ಮಾಡಬಹುದು" ಅಂತಾರಲ್ಲ, ಅವರು ಒಂದು ಸಲ ಜೋಳದ ಹಿಟ್ಟು ನಾದಿ ನೋಡಲಿ. ಎಸರು ಹಾಕಿ ನಾದಿದ ಹಿಟ್ಟು ಬಿಸಿ ಇರುವಾಗಲೇ ಬಡಿಯಬೇಕು. ಮಗನ ಹೋಮ್‌ವರ್ಕ್, ನಡುವೆ ಬಾಗಿಲು ಬಡಿದು ಹತ್ತು ರೊಟ್ಟಿ ಕೇಳುವವರು, ಚಹಾ ಕುಡಿಯಲು ಬಂದ ನೆಂಟರು. ಹಿಟ್ಟು ಆರಿ, ಅಂಚು ಸೀಳಿ, ಮತ್ತೆ ನಾದಿ. ದಿನಕ್ಕೆ 100 ರೊಟ್ಟಿ, ಆದರೆ ಬೆಳಗಿನಿಂದ ರಾತ್ರಿತನಕ ಒಲೆ. ಹಂಚು ದಿನಕ್ಕೆ ಮೂರು ಸಲ ಕಾಯಿಸಬೇಕು. ಅದರ ಮೇಲೆ ಒಂದು ಖಾನಾವಳಿಗೆ ಉದ್ರಿ ಕೊಟ್ಟು 18,000 ನಿಂತಿತು. ಸೋಮವಾರ ಬರ್ರಿ ಅಂತ ಎಂಟು ತಿಂಗಳು ಓಡಾಡಿಸಿ 11,000 ಕೊಟ್ಟರು. ಉಳಿದದ್ದು ಇವತ್ತಿಗೂ ಇಲ್ಲ.

ಆ ಕೋಪದಲ್ಲೇ ನಿಯಮ ಮಾಡಿದ್ದು. ಮೊದಲ ತಿಂಗಳು 2,800 ರೊಟ್ಟಿ ಹೋಗುತ್ತಿದ್ದ ಕಡೆ 1,100ಕ್ಕೆ ಇಳಿಯಿತು. ರಾತ್ರಿ ನಿದ್ದೆ ಇಲ್ಲ. ಯಜಮಾನರು "ಒಂದೆರಡು ಮಂದಿಗೆ ಉದ್ರಿ ಕೊಡು, ಏನಾಗ್ತದ" ಅಂದರು. ಎರಡನೇ ತಿಂಗಳೂ ಹಾಗೇ. ನಾಲ್ಕನೇ ತಿಂಗಳು ತಿರುಗಿತು. ನಾನೂ ಎಣಿಸಿರಲಿಲ್ಲ, ದಿನಾ ಸಿಗುವುದಿಲ್ಲ ಅಂತಾದ ಮೇಲೆ 10 ತಗೊಳ್ಳುತ್ತಿದ್ದವರು 50 ತಗೊಂಡರು. ಕಡಕ್ ರೊಟ್ಟಿ ತಿಂಗಳು ಇಟ್ಟರೂ ಏನೂ ಆಗುವುದಿಲ್ಲ, ಅದನ್ನು ದಿನಾ ಮಾರುತ್ತಿದ್ದ ನನ್ನ ತಲೆಗೆ ಏನನ್ನಬೇಕು? ಈಗ ನಾನು ಸೇರಿ ಮೂವರು, ಬೆಳಗ್ಗೆ 6ಕ್ಕೆ ಹಂಚು ಇಟ್ಟರೆ ಮಧ್ಯಾಹ್ನ 2ರೊಳಗೆ 600. ಕೆಲಸಕ್ಕೆ ಬಂದವರಿಗೆ ರೊಟ್ಟಿಗೆ ಎರಡೂವರೆ, ನನಗೂ ಅಷ್ಟೇ. ಆ ಕೂಲಿ, ಕೋಣೆ ಬಾಡಿಗೆ ಎಲ್ಲ ತೆಗೆದು ತಿಂಗಳಿಗೆ 19,000 ಅಂದಾಜು ಉಳಿಯುತ್ತದೆ. ಲಗ್ನದ ಸೀಸನ್ನಿನಲ್ಲಿ ಇನ್ನೂ ಜಾಸ್ತಿ.

ಬೆಂಗಳೂರಿಗೆ ಕಳಿಸುವುದರಲ್ಲಿ ತಿಂದ ಪೆಟ್ಟು ಬೇರೆ. ಮೊದಲ ಪಾರ್ಸೆಲ್ 100 ರೊಟ್ಟಿಯಲ್ಲಿ 60 ಪುಡಿ. ಗಿರಾಕಿ ಫೋಟೋ ಕಳಿಸಿ "ಅಕ್ಕಾ, ಇದನ್ನ ಮೊಸರಿಗೆ ಹಾಕ್ಕೊಂಡು ತಿನ್ಲಾ?" ಅಂತ ಕೇಳಿದ. ವ್ಯಾಕ್ಯೂಮ್ ಪ್ಯಾಕ್ ನೋಡಿದೆ, ಗಾಳಿ ಎಳೆಯುವಾಗಲೇ ಚೂರು. ಈಗ 25ರ ಕಟ್ಟು, 100ಕ್ಕೆ ನಾಲ್ಕೈದು ಮುರಿದರೆ ಹೆಚ್ಚು. ಕಟ್ಟಿನ ಮೇಲೆ ಕೆಳಗೆ ಏನಿಡುತ್ತೇನೆ ಅನ್ನುವುದು ನನ್ನ ಹೊಟ್ಟೆಪಾಡು, ಅದನ್ನು ಬರೆಯುವುದಿಲ್ಲ. ಮುರಿದ ರೊಟ್ಟಿಗೆ ಖಾರ, ಬೆಳ್ಳುಳ್ಳಿ ಒಗ್ಗರಣೆ ಹಾಕಿ ಮಾರಿ ನೋಡಿದ್ದೂ ಉಂಟು, ಮಕ್ಕಳು ತಿಂದರು, ದೊಡ್ಡವರು ದುಡ್ಡು ಕೊಡಲಿಲ್ಲ.

ಬಡಿಯುವ ಮೆಷಿನ್ ತಗೋ, ಸಣ್ಣ ಆಹಾರ ಉದ್ಯಮಗಳ ಪಿಎಂಎಫ್‌ಎಂಇ ಯೋಜನೆಯ ಸಾಲದಲ್ಲಿ ಅರ್ಧ ಸಬ್ಸಿಡಿ ಅಂತ ಹಲವರು ಹೇಳಿದರು. ಗುರುತಿನವರ ಮೆಷಿನ್ನಿನಲ್ಲಿ 200 ಮಾಡಿಸಿ ಏನೂ ಹೇಳದೆ ಕಳಿಸಿದೆ. ಮೂರು ಮಂದಿ ಅವತ್ತೇ ಫೋನ್ ಮಾಡಿ "ಈ ಸರ್ತಿ ಯಾರು ಬಡಿದಿದ್ದು?" ಅಂದರು. ಸಾಲದ ಅರ್ಜಿ ಹಾಗೇ ಇದೆ.

ವೈನಿ ಈಗ ತಿಂಗಳಿಗೆ 50 ತಗೊಳ್ಳುತ್ತಾರೆ, ಮುಂಗಡ ಕಳಿಸಿ. ಮೊನ್ನೆ ಸೋಮವಾರ ರಾತ್ರಿ 8ಕ್ಕೆ ಕೇಳಿದರು, ಶುಕ್ರವಾರಕ್ಕೆ ಬರೆದುಕೊಂಡೆ.

ಸದ್ಯಕ್ಕೆ ನವಣೆ ಹಿಟ್ಟು ಬೆರೆಸಿ ಕಡಕ್ ಮಾಡಲು ನೋಡುತ್ತಿದ್ದೇನೆ. ಅರ್ಧಕ್ಕರ್ಧ ಹಾಕಿದರೆ ಹಂಚಿನ ಮೇಲೇ ಬಿರಿಯುತ್ತದೆ. ಕಿಲೋಗೆ 200 ಗ್ರಾಂ ಹಾಕಿದ್ದು ಪರವಾಗಿಲ್ಲ, ಆದರೆ ಮೂರನೇ ದಿನಕ್ಕೆ ಏನೋ ಒಗರು. ಈ ಮಂಗಳವಾರ 150 ಹಾಕಿ ನೋಡಬೇಕು.