ಮಲೆನಾಡಿನ ಮನೆಗೆ ಗ್ರೌಂಡ್ ಪ್ಲೇನ್ ಆಂಟೆನಾ: ಬುಡದ ತಂತಿಗಳನ್ನು ಹಾಕುವ ಕ್ರಮ

ಕಾಲು ತರಂಗಾಂತರದ ಲಂಬ ಆಂಟೆನಾ ಕಟ್ಟುವ ಹ್ಯಾಮ್‌ಗಳು, ಎಂದರೆ ಹವ್ಯಾಸಿ ರೇಡಿಯೊ ಬಳಕೆದಾರರು, ಮೇಲಕ್ಕೆ ನಿಲ್ಲುವ ಕಡ್ಡಿಯ ಅಳತೆಗೆ ಕೊಡುವ ಗಮನವನ್ನು ಅದರ ಬುಡಕ್ಕೆ ಕೊಡುವುದು ಕಡಿಮೆ. ಆ ಕಡ್ಡಿ ಆಂಟೆನಾದ ಅರ್ಧ ಭಾಗ ಮಾತ್ರ. ಕಡ್ಡಿಯಲ್ಲಿ ಎಷ್ಟು ಕರೆಂಟ್ ಹರಿಯುತ್ತದೋ ಅಷ್ಟೇ ಕರೆಂಟ್‌ಗೆ ಕೇಬಲ್ಲಿನ ಹೊರಜಾಲರಿಯ ಕಡೆಯಿಂದಲೂ ದಾರಿ ಬೇಕು. ಆ ದಾರಿಯನ್ನು ಒದಗಿಸುವ ಲೋಹದ ಹರವೇ ಗ್ರೌಂಡ್ ಪ್ಲೇನ್. ಅದು ಇಲ್ಲದಿದ್ದರೆ ಕೇಬಲ್ಲಿನ ಹೊರಮೈಯೇ ಆಂಟೆನಾದ ಉಳಿದರ್ಧವಾಗಿ, ರೇಡಿಯೊ ಶಕ್ತಿ ಮನೆಯೊಳಗೆ ಇಳಿದು, ಮೈಕ್ ಮುಟ್ಟಿದವರಿಗೆ ಚುರುಕ್ಕೆನ್ನಿಸುತ್ತದೆ. ಇದನ್ನು ಪತ್ತೆ ಹಚ್ಚುವುದು ಸುಲಭ: ಕಡಿಮೆ ಪವರ್‌ನಲ್ಲಿ ಪ್ರಸಾರ ಮಾಡುತ್ತಾ ಕೇಬಲ್ಲಿನ ಮೇಲೆ ಕೈಯಾಡಿಸಿದಾಗ ಕೇಬಲ್ಲಿಗೂ ಆಂಟೆನಾಕ್ಕೂ ಎಷ್ಟು ಹೊಂದಿಕೆಯಿದೆ ಎಂದು ತೋರಿಸುವ ಎಸ್‌ಡಬ್ಲ್ಯೂಆರ್ ಮೀಟರಿನ ಮುಳ್ಳು ಅಲುಗಾಡಿದರೆ ಬುಡದಲ್ಲಿ ಕೊರತೆಯಿದೆ ಎಂದೇ ತಿಳಿಯಬೇಕು.

ಮೊದಲ ಪ್ರಯತ್ನಕ್ಕೆ 144ರಿಂದ 146 ಮೆಗಾಹರ್ಟ್ಸ್‌ವರೆಗಿನ ಎರಡು ಮೀಟರ್ ಬ್ಯಾಂಡ್ ಒಳ್ಳೆಯದು. 75 ಅನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಕಾಲು ತರಂಗಾಂತರ ಮೀಟರಿನಲ್ಲಿ ಸಿಗುತ್ತದೆ. 145 ಮೆಗಾಹರ್ಟ್ಸ್‌ಗೆ ಅದು ಸುಮಾರು 52 ಸೆಂಟಿಮೀಟರ್. ನಿಲ್ಲುವ ಕಡ್ಡಿಯನ್ನು ಇದಕ್ಕಿಂತ ನೂರಕ್ಕೆ ಐದರಷ್ಟು ಚಿಕ್ಕದಾಗಿ, ಎಂದರೆ ಸುಮಾರು 49 ಸೆಂಟಿಮೀಟರಿಗೆ ತರಬೇಕಾಗುತ್ತದೆ. ಆದರೂ 51ಕ್ಕೆ ಕತ್ತರಿಸಿಟ್ಟುಕೊಂಡು, ಮೀಟರ್ ನೋಡುತ್ತಾ ಒಂದೆರಡು ಮಿಲಿಮೀಟರಿನಂತೆ ಸವೆಸುವುದು ಕ್ಷೇಮ. ಕೇಬಲ್ ಸಿಕ್ಕಿಸುವ ಎಸ್‌ಒ-239 ಸಾಕೆಟ್ಟಿನ ನಡುವಿನ ಪಿನ್ನಿಗೆ ಈ ಕಡ್ಡಿಯನ್ನು ಬೆಸುಗೆ ಹಾಕಿ, ಅದರ ನಾಲ್ಕು ಮೂಲೆಯ ರಂಧ್ರಗಳಿಗೆ 52 ಸೆಂಟಿಮೀಟರಿನ ನಾಲ್ಕು ರೇಡಿಯಲ್ ಕಡ್ಡಿಗಳನ್ನು, ಎಂದರೆ ಬುಡದಿಂದ ಸುತ್ತಲೂ ಚಾಚಿ ಗ್ರೌಂಡ್ ಪ್ಲೇನ್ ಆಗುವ ಕಡ್ಡಿಗಳನ್ನು, ಸ್ಕ್ರೂವಿನಿಂದ ಬಿಗಿಯಬೇಕು. ರೇಡಿಯಲ್‌ಗಳು ಅಡ್ಡಕ್ಕೆ ಚಾಚಿದ್ದರೆ ಆಂಟೆನಾದ ತಡೆ ಸುಮಾರು 36 ಓಮ್ ಇರುತ್ತದೆ. ಅವನ್ನು 45 ಡಿಗ್ರಿಯಷ್ಟು ಕೆಳಕ್ಕೆ ಬಾಗಿಸಿದರೆ ಅದು 50 ಓಮ್‌ನ ಸಮೀಪಕ್ಕೆ ಬಂದು ಕೇಬಲ್ಲಿಗೆ ಹೊಂದುತ್ತದೆ. ಮಲೆನಾಡಿನ ಮಳೆಗೆ ಸಾಕೆಟ್ಟಿನೊಳಗೆ ನೀರಿಳಿಯದಂತೆ ಸೀಲಂಟ್ ಮೆತ್ತುವುದನ್ನು ಮಾತ್ರ ಮರೆಯಬಾರದು.

ಹೆಂಚಿನ ಮನೆಯ ಮೇಲೆ ಈ ನಾಲ್ಕು ಕಡ್ಡಿಗಳು ಬೇಕೇ ಬೇಕು. ಅಡಿಕೆ ಒಣಗಿಸುವ ಅಂಗಳಕ್ಕೋ ಕೊಟ್ಟಿಗೆಗೋ ತಗಡಿನ ಮಾಡು ಹಾಕಿಸಿದ್ದರೆ ಆ ತಗಡೇ ಗ್ರೌಂಡ್ ಪ್ಲೇನ್ ಆಗಬಲ್ಲದು. ಬಣ್ಣ ಕೆರೆದು ಸಾಕೆಟ್ಟನ್ನು ನೇರವಾಗಿ ಲೋಹಕ್ಕೆ ಬಿಗಿದರಾಯಿತು. ಆದರೆ ಆಂಟೆನಾ ತಗಡಿನ ನಡುವಿನಲ್ಲಿರಬೇಕು. ಅಂಚಿನಲ್ಲಿ ನಿಲ್ಲಿಸಿದರೆ ತಗಡು ಹೆಚ್ಚು ಹರಡಿರುವ ದಿಕ್ಕಿಗೆ ಸಂಕೇತ ಬಲವಾಗಿ ಹೋಗಿ ಉಳಿದ ಕಡೆ ಕುಗ್ಗುತ್ತದೆ. ತಗಡಿಗೆ ಎಲ್ಲೋ ಒಂದು ಕಡೆ ಕೊನೆ ಇರುವುದರಿಂದ ಶಕ್ತಿಯ ಸ್ವಲ್ಪ ಪಾಲು ದಿಗಂತಕ್ಕಿಂತ ಮೇಲಕ್ಕೆ ಓರೆಯಾಗುವುದೂ ನಿಜ. ಗುಡ್ಡದ ತುದಿಯ ರಿಪೀಟರನ್ನು (ಸಂಕೇತವನ್ನು ಹಿಡಿದು ಮರುಪ್ರಸಾರ ಮಾಡುವ ಕೇಂದ್ರವನ್ನು) ತಲುಪಬೇಕಾದ ತಗ್ಗಿನ ಮನೆಗೆ ಅದರಿಂದ ನಷ್ಟವೇನಿಲ್ಲ.

ಕಷ್ಟವಿರುವುದು 7 ಮೆಗಾಹರ್ಟ್ಸ್‌ನಲ್ಲಿ. ಅಲ್ಲಿ ಕಡ್ಡಿಯ ಬದಲು ಸುಮಾರು ಹತ್ತು ಮೀಟರಿನ ತಂತಿ ನಿಲ್ಲುತ್ತದೆ, ಅದರ ಬುಡ ನೆಲಕ್ಕೆ ತಾಗಿಕೊಂಡಿರುತ್ತದೆ. ತೀರ್ಥಹಳ್ಳಿ, ಹೊಸನಗರ, ಆಗುಂಬೆಯ ಕಡೆ ಇಷ್ಟು ಮಳೆ ಬೀಳುವಾಗ ನೆಲ ಒಳ್ಳೆಯ ವಾಹಕವೇ ಆಗಿರಬೇಕೆಂದು ಹಲವರು ಭಾವಿಸುತ್ತಾರೆ. ಮಣ್ಣಿನಲ್ಲಿ ವಿದ್ಯುತ್ ಹರಿಯುವುದು ನೀರಿನಲ್ಲಿ ಕರಗಿದ ಲವಣಗಳಿಂದ. ಜಂಬಿಟ್ಟಿಗೆಯ ಕೆಮ್ಮಣ್ಣಿನಿಂದ ಆ ಲವಣಗಳನ್ನು ಮಳೆಯೇ ತೊಳೆದುಕೊಂಡು ಹೋಗಿರುತ್ತದೆ. ಲಿಂಗನಮಕ್ಕಿಯ ಹಿನ್ನೀರಿನ ದಡದಲ್ಲಿದ್ದರೂ ಹೆಚ್ಚು ಲಾಭವಿಲ್ಲ, ಏಕೆಂದರೆ ಸಿಹಿನೀರಿಗೆ ಸಮುದ್ರದ ನೀರಿನ ವಾಹಕತೆ ಇಲ್ಲ. ಆದ್ದರಿಂದ ನೆಲವನ್ನು ನಂಬದೆ ತಂತಿಯನ್ನು ನಂಬಬೇಕು.

ನೆಲದ ಮೇಲೆ ಅಥವಾ ಎರಡು ಬೆರಳಿನಷ್ಟು ಆಳದಲ್ಲಿ ಹಾಸುವ ರೇಡಿಯಲ್‌ಗಳಿಗೆ ನಿಖರ ಅಳತೆ ಬೇಕಿಲ್ಲ, ಮಣ್ಣಿಗೆ ತಾಗಿದೊಡನೆ ಅವುಗಳ ಶ್ರುತಿ ಹೇಗೂ ಕೆಡುತ್ತದೆ. ಸಂಖ್ಯೆ ಮುಖ್ಯ: ಒಟ್ಟು 80 ಮೀಟರ್ ತಂತಿ ಇದ್ದರೆ ಹತ್ತು ಮೀಟರಿನ ಎಂಟಕ್ಕಿಂತ ಐದು ಮೀಟರಿನ ಹದಿನಾರು ಮೇಲು. ಮಧ್ಯಮ ತರಂಗದ ಪ್ರಸಾರ ಗೋಪುರಗಳ ಸುತ್ತ ನೂರಿಪ್ಪತ್ತು ತಂತಿ ಹೂಳುವ ರೂಢಿಯೇ ಇದೆ. ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಸ್‌ಗೆ ಕಾಲು ತರಂಗಾಂತರ 111 ಮೀಟರ್ ಎಂಬುದನ್ನು ನೆನೆದರೆ ನಮ್ಮ ಹಿತ್ತಿಲಿನ ಖರ್ಚು ಹಗುರವೆನಿಸುತ್ತದೆ.

ಇಲ್ಲಿ ಎಸ್‌ಡಬ್ಲ್ಯೂಆರ್ ಮೀಟರ್ ದಾರಿ ತಪ್ಪಿಸುತ್ತದೆ. ಆಂಟೆನಾದ 36 ಓಮ್‌ಗೆ ನೆಲದ ನಷ್ಟದ 14 ಓಮ್ ಸೇರಿದರೆ ಒಟ್ಟು 50 ಆಗಿ ಮೀಟರ್ 1:1, ಎಂದರೆ ಪೂರ್ಣ ಹೊಂದಿಕೆ, ತೋರಿಸುತ್ತದೆ, ನೋಡಿದವರು ಹಿಗ್ಗುತ್ತಾರೆ. ವಾಸ್ತವದಲ್ಲಿ ಪವರ್‌ನ ಕಾಲು ಭಾಗಕ್ಕಿಂತ ಹೆಚ್ಚು ಮಣ್ಣನ್ನು ಬಿಸಿ ಮಾಡುತ್ತಿರುತ್ತದೆ. ರೇಡಿಯಲ್ ಹೆಚ್ಚಿಸಿದಂತೆ ನಷ್ಟ ಇಳಿದು ಒಟ್ಟು ತಡೆ 40ಕ್ಕೆ ಬಂದಾಗ ಮೀಟರ್ 1.25ಕ್ಕೆ ಏರುತ್ತದೆ, ಆಗ ಕೆಟ್ಟಿತೆಂದು ತಂತಿ ಕೀಳಬಾರದು. ಇನ್ನಷ್ಟು ತಂತಿ ಸೇರಿಸಿದರೂ ತಡೆ ಇಳಿಯದಿದ್ದಾಗ ನಿಲ್ಲಿಸಬಹುದು.

ಜಾಗ ಕಡಿಮೆಯಿದ್ದು ತೋಟದ ಕೆಲಸಕ್ಕೆ ನೆಲದ ತಂತಿ ಅಡ್ಡಿಯಾಗುವುದಾದರೆ ಬುಡವನ್ನೇ ಎರಡೂವರೆ ಮೂರು ಮೀಟರ್ ಎತ್ತರಿಸಿ, ಎರಡರಿಂದ ನಾಲ್ಕು ರೇಡಿಯಲ್‌ಗಳನ್ನು ಗಾಳಿಯಲ್ಲಿ ಎಳೆಯುವುದು ನನ್ನ ಮಟ್ಟಿಗೆ ಮಲೆನಾಡಿಗೆ ಹೆಚ್ಚು ಒಗ್ಗುವ ಉಪಾಯ. ಇವು ಮಾತ್ರ ಅಳತೆಗೆ ಸರಿಯಾಗಿ ಸುಮಾರು ಹತ್ತು ಮೀಟರ್ ಇರಬೇಕು, ಎದುರುಬದುರಾಗಿರಬೇಕು. ಪ್ರಸಾರದ ವೇಳೆ ಇವುಗಳ ತುದಿಯಲ್ಲಿ ಹೆಚ್ಚಿನ ವೋಲ್ಟೇಜ್ ಇರುವುದರಿಂದ ಜನ, ದನ ಮುಟ್ಟದ ಎತ್ತರದಲ್ಲಿ, ತುದಿಗೆ ನೈಲಾನ್ ಹಗ್ಗ ಕಟ್ಟಿ ಎಳೆಯಬೇಕು. ಲಂಬ ತಂತಿಗೆ ಆಸರೆಯಾಗಿ ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿಯನ್ನು ನಿಲ್ಲಿಸುವ ಆಸೆ ಸಹಜ. ಕಾರ್ಬನ್ ಫೈಬರ್ ವಿದ್ಯುತ್ ವಾಹಕ, ತಂತಿಗೆ ತಾಗಿಕೊಂಡು ಅದು ಎಲ್ಲ ಲೆಕ್ಕವನ್ನೂ ಕೆಡಿಸುತ್ತದೆ. ಬಿದಿರು ಸಾಕು. ಯಾವುದನ್ನು ಎತ್ತುವುದಾದರೂ ಮುರಿದು ಬಿದ್ದರೆ ಕರೆಂಟ್ ಲೈನಿಗೆ ತಾಗದಷ್ಟು ದೂರವಿರಬೇಕು.

ಉಪ್ಪು ಇದ್ದಿಲು ತುಂಬಿದ ಅರ್ಥಿಂಗ್ ಗುಂಡಿ ಗ್ರೌಂಡ್ ಪ್ಲೇನ್ ಅಲ್ಲ. ಅದು ಸುರಕ್ಷತೆಗೆ; ರೇಡಿಯಲ್‌ಗಳ ಬದಲಿಗೆ ಅದೊಂದನ್ನೇ ನೆಚ್ಚಿದರೆ ಶಕ್ತಿ ಮಣ್ಣುಪಾಲಾಗುತ್ತದೆ. ಹಾಗೆಯೇ ರೇಡಿಯಲ್‌ಗಳಿವೆ ಎಂದು ಅರ್ಥಿಂಗ್ ಬಿಡುವಂತೆಯೂ ಇಲ್ಲ. ಏಪ್ರಿಲ್, ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ ಮೋಡ ಕಟ್ಟುವ ಮೊದಲೇ ಕೇಬಲ್ಲನ್ನು ರೇಡಿಯೊದಿಂದ ಬಿಚ್ಚಿ ಮನೆಯ ಹೊರಗೆ ಹಾಕಬೇಕು. ಗುಡುಗು ಕೇಳಿಸಿದ ಮೇಲೆ ಅದನ್ನು ಮುಟ್ಟಲು ಹೋಗಬಾರದು.