ಮೊರೇನ್ ದಿಣ್ಣೆಯ ಕಾಲುದಾರಿ: ಮೊದಲು ನೀರು ನೋಡಿ

ಟೊರಾಂಟೊದ ಉತ್ತರಕ್ಕೆ ಸುಮಾರು 160 ಕಿಲೋಮೀಟರ್ ಚಾಚಿಕೊಂಡಿರುವ ಓಕ್ ರಿಡ್ಜಸ್ ಮೊರೇನ್ ಬಂಡೆಯ ಬೆಟ್ಟವಲ್ಲ. ಹಿಮಯುಗದ ಕೊನೆಯಲ್ಲಿ ಎರಡು ಹಿಮರಾಶಿಗಳ ನಡುವೆ ಕರಗಿದ ನೀರು ತಂದು ಸುರಿದ ಮರಳು, ಜಲ್ಲಿಯ ದಿಣ್ಣೆ. ಬಿದ್ದ ಮಳೆ ಇಲ್ಲಿ ಇಂಗಿ, ಕೆಳಗೆ ಒರತೆಯಾಗಿ ಹೊರಟು, ಡಾನ್, ರೂಜ್ ನದಿಗಳಿಗೆ ಮೂಲವಾಗುತ್ತದೆ. 2001ರ ಕಾಯ್ದೆ ಕಟ್ಟಡಗಳಿಗೆ ಕಡಿವಾಣ ಹಾಕಿತು, ಬೂಟುಗಾಲಿಗೆ ಕಾಯ್ದೆಯಿಲ್ಲ. ಇಲ್ಲಿನ ಕಾಲುದಾರಿ ನೋಡಿಕೊಳ್ಳಲು ಸ್ವಯಂಸೇವಕರಾಗಿ ಬರುವ ಕನ್ನಡಿಗರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಸಲಿಕೆ ಹಿಡಿದು ಒಬ್ಬರೇ ಹೊರಡಬೇಡಿ. ದಾರಿ ಕೆಲವೆಡೆ ಖಾಸಗಿ ಜಮೀನಿನಲ್ಲಿ, ಮಾಲೀಕರ ಒಪ್ಪಿಗೆಯ ಮೇಲೆ ಸಾಗುತ್ತದೆ. ದಾರಿ ನೋಡಿಕೊಳ್ಳುವ ಸಂಘವನ್ನು ಕೇಳಿಯೇ ಕೆಲಸಕ್ಕೆ ಇಳಿಯಿರಿ.

ಇಳಿಜಾರಿನಲ್ಲಿ ನಿಂತು ಬಾಟಲಿಯ ನೀರನ್ನು ದಾರಿಯ ಮೇಲೆ ಸುರಿಯಿರಿ. ನೀರು ಅಡ್ಡಲಾಗಿ ಹೊರ ಅಂಚಿಗೆ ಸರಿದು ಎಲೆಗಳ ನಡುವೆ ಮಾಯವಾದರೆ ಅಲ್ಲಿ ಕೈಯಾಡಿಸಬೇಕಾಗಿಲ್ಲ. ದಾರಿಯ ಉದ್ದಕ್ಕೇ ಓಡಿ, ಮರಳಿನಲ್ಲಿ ಬೆರಳಗಲದ ಗೆರೆ ಕೊರೆದರೆ ಕೆಲಸವಿದೆ. ಒಂದೆರಡು ಜೋರು ಮಳೆಯಲ್ಲಿ ಆ ಗೆರೆಯೇ ಕೊರಕಲಾಗುತ್ತದೆ. ಸಾಮಾನ್ಯವಾಗಿ ತಪ್ಪಿತಸ್ಥ ಹೊರ ಅಂಚಿನ ಬದು. ನಡೆದು ನಡೆದು ನಡು ತಗ್ಗಾಗಿ, ಅಂಚಿನಲ್ಲಿ ಮಣ್ಣು ಏರಿ ನೀರಿಗೆ ತಡೆ ಕಟ್ಟಿರುತ್ತದೆ. ಅದನ್ನು ಕೆರೆದು ತೆಗೆಯಿರಿ. ಪ್ರತಿ ಮೀಟರ್ ಅಗಲಕ್ಕೆ ಸುಮಾರು ಐದು ಸೆಂಟಿಮೀಟರ್ ಹೊರಕ್ಕೆ ವಾಟ ಕೊಡಿ. ತೀರ್ಥಹಳ್ಳಿಯ ಅಡಿಕೆ ತೋಟದಲ್ಲಿ ಬಸಿಗಾಲುವೆ ಬಿಡಿಸಿದವರಿಗೆ ನಾನು ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಹೊಸ ತಿರುವು ಹಾಕುವಾಗ ದಾರಿಯ ಏರು ಗುಡ್ಡದ ಇಳಿಜಾರಿನ ಅರ್ಧವನ್ನು ಮೀರದಿರಲಿ. ಮೀರಿದರೆ ನೀರಿಗೆ ದಾರಿಯೇ ಹತ್ತಿರದ ಹಾದಿ. ಜಲ್ಲಿ ತಂದು ಸುರಿಯೋಣ ಎನ್ನುವ ಉತ್ಸಾಹಿ ಪ್ರತಿ ತಂಡದಲ್ಲೂ ಒಬ್ಬರಿರುತ್ತಾರೆ. ನೀರಿನ ದಿಕ್ಕು ತಿರುಗಿಸದೆ ಸುರಿದ ಜಲ್ಲಿ ಮುಂದಿನ ವಸಂತಕ್ಕೆ ಕೆಳಗಿನ ತಿರುವಿನಲ್ಲಿ ಸಿಗುತ್ತದೆ.

ಹಿಮ ಕರಗುವ ಕಾಲದಲ್ಲಿ ಕೆಸರು ತಪ್ಪಿಸಲು ಜನ ಪಕ್ಕದಲ್ಲಿ ನಡೆಯುತ್ತಾರೆ. ದಾರಿ ಅಗಲವಾಗುತ್ತದೆ, ಟ್ರಿಲಿಯಂ ಹೂಗಿಡಗಳು ಕಾಲಡಿ ಸಿಗುತ್ತವೆ. ಅಡ್ಡದಾರಿಗೆ ಒಣ ಕೊಂಬೆಗಳನ್ನು ಅಡ್ಡ ಎಳೆದು ಹಾಕಿ. ನೀವು ಮಾತ್ರ ಕೆಸರಿನ ನಡುವೆಯೇ ನಡೆಯಿರಿ, ಬೂಟು ತೊಳೆದರೆ ಹೋಗುತ್ತದೆ.

ಮೇ ತಿಂಗಳಲ್ಲಿ ಗಾರ್ಲಿಕ್ ಮಸ್ಟರ್ಡ್ ಕೀಳಬೇಕು. ಯುರೋಪಿನಿಂದ ಬಂದ ಕಳೆ. ನಾಲ್ಕು ದಳದ ಪುಟ್ಟ ಬಿಳಿ ಹೂ, ಎಲೆ ಹಿಸುಕಿದರೆ ಬೆಳ್ಳುಳ್ಳಿ ವಾಸನೆ. ಬೀಜ ಕಟ್ಟುವ ಮೊದಲು, ಮಣ್ಣು ಹಸಿಯಿದ್ದಾಗ ಬುಡ ಹಿಡಿದು ಬೇರುಸಹಿತ ಎಳೆಯಿರಿ. ಕಿತ್ತದ್ದನ್ನು ಅಲ್ಲೇ ಬಿಡಬೇಡಿ, ಹೂಬಿಟ್ಟ ಗಿಡ ಕಿತ್ತ ಮೇಲೂ ಬೀಜ ಬಲಿಸಬಲ್ಲದು. ಗೊಬ್ಬರದ ಗುಂಡಿಗೂ ಬೇಡ, ಚೀಲದಲ್ಲಿ ಬಿಗಿದು ಕಟ್ಟಿ. ಎಳೆಯ ಎಲೆ ಚಟ್ನಿಗೆ ಆಗುತ್ತದೆ, ತುಸು ಕಹಿ. ತಾಗಿದರೆ ಚರ್ಮದಲ್ಲಿ ತುರಿಕೆ, ಗುಳ್ಳೆ ಏಳಿಸುವ ಮೂರೆಲೆಯ ಪಾಯ್ಸನ್ ಐವಿಯನ್ನು ಮಾತ್ರ ಮುಟ್ಟಬೇಡಿ, ಸುಡಲೂಬೇಡಿ. ಅದರ ಹೊಗೆಯೂ ಅಪಾಯ. ರಕ್ತ ಹೀರುವ ಉಣ್ಣಿಗಳ ಕಾಟವಿರುವುದರಿಂದ ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿಕೊಳ್ಳಿ.

ಮರಗಳ ಮೇಲಿನ ಬಿಳಿ ಪಟ್ಟಿ ಮುಖ್ಯ ದಾರಿಯ ಗುರುತು, ನೀಲಿ ಕವಲುದಾರಿಯದು. ಒಂದರ ಮೇಲೊಂದು ಎರಡು ಪಟ್ಟಿಗಳಿದ್ದರೆ ತಿರುವು ಇದೆ ಎಂದರ್ಥ. ಮೇಲಿನದು ಯಾವ ಕಡೆ ಸರಿದಿದೆಯೋ ಆ ಕಡೆಗೆ. ಬಣ್ಣ ಬಳಿಯುವ ಮುನ್ನ ಸಡಿಲ ತೊಗಟೆಯನ್ನು ಹಗುರವಾಗಿ ಉಜ್ಜಿ ತೆಗೆಯಿರಿ. ಒಂದು ದಿಕ್ಕಿನಿಂದ ಬಳಿದು ಮುಗಿಸಿ ಮನೆಗೆ ಹೋಗಬೇಡಿ. ಎದುರಿನಿಂದ ಬರುವವರಿಗೂ ಗುರುತು ಕಾಣಬೇಕು, ವಾಪಸು ನಡೆದು ನೋಡಿ.